ಹೆಸರಿಲ್ಲದ ಹೂವಿಗೊಂದು ಮುಖಪುಟ

ನನ್ನ ಈಚಿನ ಕವನ ಸಂಕಲನದ ಕವಿತೆಗಳೆಲ್ಲ ಒಂದೇ ಊರಿನಲ್ಲಿ ನಡೆಯುತ್ತವೆ. ಮುಂದೆಂದೋ ಬರಬಹುದಾದ ಕಾಲದ ಆ ಊರಿನಲ್ಲಿ ಮನೆಗಳಿಗೆಲ್ಲ ಒಂದೇ ಬಣ್ಣ ಬಳಿದಿರುತ್ತದೆ, ದಿನಕ್ಕೆ ಇಷ್ಟೇ ಮಾತು ಎಂಬ ಪಡಿತರವಿರುತ್ತದೆ, ಸಂಜೆಯಾದರೆ ಜನ ಸಾಲಾಗಿ ನಿಂತು ‘ಸುಖವಾಗಿದ್ದೇನೆ’ ಎಂದು ದಫ್ತರದಲ್ಲಿ ಸಹಿ ಹಾಕಿ ಮನೆಗೆ ಹೋಗುತ್ತಾರೆ. ಕೆರೆಯನ್ನು ನಕ್ಷೆಯಿಂದ ಅಳಿಸಿ ಎಷ್ಟೋ ವರ್ಷಗಳಾದ ಮೇಲೂ ತೂಬು ಇದ್ದ ಜಾಗಕ್ಕೆ ಬಂದು ನಿಲ್ಲುವ, ಹಿಂದೆ ಕೆರೆಯ ನೀರನ್ನು ಬಿಡುತ್ತಿದ್ದ ಮುದುಕ ನೀರುಗಂಟಿಯೊಬ್ಬ ಅಲ್ಲಿದ್ದಾನೆ. ಇಂಥ ಬರವಣಿಗೆಯನ್ನು ಈಗ ನಮ್ಮಲ್ಲೂ ಡಿಸ್ಟೋಪಿಯನ್ ಎಂದೇ ಕರೆಯುತ್ತಾರೆ. ಸಂಕಲನದ ನಡುವಿನ ಒಂದು ಕವಿತೆಯಲ್ಲಿ ಆಡಳಿತದವರು ಸಭೆ ಸೇರಿ ‘ಊರಿನ ಹೂವು’ ಯಾವುದೆಂದು ತೀರ್ಮಾನಿಸುತ್ತಾರೆ. ಮರುದಿನದಿಂದ ಪ್ರತಿ ಮನೆಯ ಮುಂದೆ ಆ ಹೂವೊಂದೇ ಅರಳಬೇಕು. ಅದು ಯಾವ ಹೂವೆಂದು ಕವಿತೆ ಹೇಳುವುದಿಲ್ಲ. ಹಸ್ತಪ್ರತಿ ಓದಿದ ಪ್ರಕಾಶಕರು ಮುಖಪುಟದ ಮೇಲೆ ಆ ಹೂವೇ ಇರಲಿ ಎಂದರು. ಕವಿತೆ ಹೆಸರಿಸದೆ ಬಿಟ್ಟದ್ದನ್ನು ಮುಖಪುಟ ಕಣ್ಣಿಗೆ ಕಾಣಿಸಬೇಕಿತ್ತು, ಕವಿತೆಯ ಮೌನವನ್ನು ಮುರಿಯದೆ ಕಾಣಿಸಬೇಕಿತ್ತು. ಆ ಹೂವನ್ನು ಆರಿಸಿಕೊಂಡ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕವನ ಸಂಕಲನಗಳ ಮುಖಪುಟದ ಕೆಲಸ ಸಾಮಾನ್ಯವಾಗಿ ಕೊನೆಗೆ ಉಳಿಯುತ್ತದೆ. ಕರಡು ತಿದ್ದಿ, ಮುನ್ನುಡಿ ಬಂದು, ಬೆನ್ನುಡಿಗಾಗಿ ಕಾದು, ಬಿಡುಗಡೆಯ ದಿನ ಗೊತ್ತಾದ ಮೇಲೆ ಕಲಾವಿದರಿಗೆ ದೂರವಾಣಿ ಕರೆ ಹೋಗುತ್ತದೆ. ಅವರು ಶೀರ್ಷಿಕೆಯನ್ನೂ ಒಂದೆರಡು ಕವಿತೆಗಳನ್ನೂ ನೋಡಿ, ತಮ್ಮ ಅನುಭವದ ಬಲದಿಂದ ಏನನ್ನೋ ಮಾಡಿಕೊಡುತ್ತಾರೆ. ಈ ಬಾರಿ ಹಾಗಾಗುವುದು ನನಗೆ ಬೇಕಿರಲಿಲ್ಲ. ಅದೃಷ್ಟಕ್ಕೆ ಪ್ರಕಾಶಕರು ಗೊತ್ತುಮಾಡಿದ ಕಲಾವಿದೆ ಇಡೀ ಹಸ್ತಪ್ರತಿ ಓದಿಯೇ ಕೆಲಸ ಆರಂಭಿಸುವವರು. ಮೊದಲ ಭೇಟಿಯಲ್ಲೇ ನಾವಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದೆವು: ಕಪ್ಪು ಹಿನ್ನೆಲೆ, ಬಾಡಿದ ಕೆಂಪು ಗುಲಾಬಿ, ಮುಳ್ಳುತಂತಿ, ಅನಿಲ ಮುಖವಾಡ, ಇವು ಯಾವುವೂ ಬೇಡ. ಈ ಚಿತ್ರಗಳು ಎಲ್ಲ ದೇಶಗಳ ಪುಸ್ತಕದ ಕಪಾಟುಗಳಲ್ಲೂ ಇವೆ ಎಂಬುದಷ್ಟೇ ಅದಕ್ಕೆ ಕಾರಣವಾಗಿರಲಿಲ್ಲ. ಅವು ಓದುಗನಿಗೆ ಮೊದಲೇ ಹೆದರು ಎಂದು ಹೇಳಿಬಿಡುತ್ತವೆ. ನನ್ನ ಕವಿತೆಗಳ ಊರಿನಲ್ಲಿ ಯಾರೂ ಹೆದರಿದಂತೆ ಕಾಣುವುದಿಲ್ಲ. ಎಲ್ಲವೂ ಚೊಕ್ಕಟವಾಗಿದೆ, ಎಲ್ಲರೂ ನಗುತ್ತಾರೆ. ಅಲ್ಲಿನ ಭಯ ಇರುವುದೇ ಆ ಚೊಕ್ಕಟದಲ್ಲಿ.

ಹೂವು ರಾಜಕೀಯದ ಮಾತಾಡಿದ ಸಂದರ್ಭಗಳನ್ನು ಮೊದಲು ನೋಡಿಕೊಂಡೆ. 1942–43ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿಗಳು ನಾಜಿ ಆಡಳಿತದ ವಿರುದ್ಧ ಕರಪತ್ರ ಹಂಚಿದ್ದು ‘ಬಿಳಿ ಗುಲಾಬಿ’ ಎಂಬ ಹೆಸರಿನಲ್ಲಿ. ಅವರಲ್ಲಿ ಸೋಫಿ ಶೋಲ್ ಮತ್ತು ಹಾನ್ಸ್ ಶೋಲ್ ಎಂಬ ತಂಗಿ ಅಣ್ಣಂದಿರನ್ನು 1943ರ ಫೆಬ್ರವರಿ 22ರಂದು ಕೊಲ್ಲಲಾಯಿತು. 1974ರ ಏಪ್ರಿಲ್ 25ರಂದು ಪೋರ್ಚುಗಲ್‌ನಲ್ಲಿ ಸರ್ವಾಧಿಕಾರ ಉರುಳಿದಾಗ ಲಿಸ್ಬನ್ನಿನ ಜನ ಸೈನಿಕರ ಬಂದೂಕಿನ ನಳಿಗೆಗೆ ಕಾರ್ನೇಷನ್ ಹೂ ಸಿಕ್ಕಿಸಿದರು. ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಮಲ್ಲಿಗೆ. 2011ರಲ್ಲಿ ಟುನೀಷಿಯಾದ ಬಂಡಾಯಕ್ಕೆ ಮಲ್ಲಿಗೆ ಕ್ರಾಂತಿ ಎಂಬ ಹೆಸರು ಹರಡಿ, ಅದೇ ಹೆಸರಿನಲ್ಲಿ ಚೀನಾದಲ್ಲೂ ಜನ ಸೇರಬೇಕೆಂಬ ಕರೆ ಅಂತರ್ಜಾಲದಲ್ಲಿ ಓಡಾಡಿದಾಗ, ಅಲ್ಲಿನ ಆಡಳಿತವು ಆ ಪದವನ್ನೇ ಹುಡುಕಾಟದಿಂದ ತಡೆಹಿಡಿಯಿತು. ಬೀಜಿಂಗ್‌ನ ಹೂವಿನ ಮಾರುಕಟ್ಟೆಗಳಲ್ಲಿ ಮಲ್ಲಿಗೆ ಗಿಡ ಮಾರಲು ಅಂಜುವಂತಾಯಿತೆಂದು ವರದಿಗಳು ಬಂದವು. ಒಂದು ಹೂವಿನ ಹೆಸರಿಗೆ ಪ್ರಭುತ್ವ ಹೆದರಿದ ಈ ಸಂಗತಿ ನನ್ನ ಕವಿತೆಗಳ ಲೋಕಕ್ಕೆ ತೀರ ಹತ್ತಿರದ್ದು. ಆದರೆ ಕನ್ನಡದ ಕವನ ಸಂಕಲನವೊಂದರ ಮುಖಪುಟದ ಮೇಲೆ ಮಲ್ಲಿಗೆ ಬಂದರೆ ಓದುಗರ ನೆನಪು ಬೀಜಿಂಗ್‌ಗೆ ಹೋಗುವುದಿಲ್ಲ. 1942ರಿಂದ ಈಚೆಗೆ ನಮ್ಮ ಕಾವ್ಯದಲ್ಲಿ ಮಲ್ಲಿಗೆಯೆಂದರೆ ಕೆ. ಎಸ್. ನರಸಿಂಹಸ್ವಾಮಿಯವರ ದಾಂಪತ್ಯದ ಪ್ರೀತಿ. ಮೈಸೂರು, ಹಡಗಲಿ, ಉಡುಪಿ ಮಲ್ಲಿಗೆಗಳ ಹೆಸರಿನಲ್ಲಿ ಭೌಗೋಳಿಕ ಗುರುತು ಪಡೆದಿರುವ ನಾಡು ಇದು. ಮದುವೆ, ದೇವರು, ಮುಡಿ, ಹೆರಿಗೆಯ ಮನೆ, ಎಲ್ಲೆಲ್ಲೂ ಮಲ್ಲಿಗೆ ಇದೆ. ಆ ನೆನಪನ್ನು ಒಂದು ಚಿತ್ರದಿಂದ ತಿರುಗಿಸಲಾಗದು, ತಿರುಗಿಸುವ ಮನಸ್ಸೂ ನನಗಿರಲಿಲ್ಲ.

ಈ ಹಂತದಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಗುಲಾಬಿಯಾಗಲಿ ಕಾರ್ನೇಷನ್ನಾಗಲಿ ಜನ ಕೈಯಲ್ಲಿ ಹಿಡಿದು ಅರ್ಥ ಕೊಟ್ಟ ಹೂಗಳು. ಹೂವಿನ ಬದುಕಿಗೂ ಆ ಅರ್ಥಕ್ಕೂ ಸಂಬಂಧವಿಲ್ಲ. ಲಿಸ್ಬನ್ನಿನಲ್ಲಿ ಆ ದಿನ ಬೇರೊಂದು ಹೂವು ಸುಲಭವಾಗಿ ಸಿಕ್ಕಿದ್ದರೆ ಅದೇ ಸಂಕೇತವಾಗುತ್ತಿತ್ತು. ನನಗೆ ಬೇಕಾದದ್ದು ತನ್ನ ಬೆಳವಣಿಗೆಯಲ್ಲೇ, ಬೇರು ಎಲೆಗಳ ವರ್ತನೆಯಲ್ಲೇ ಕವಿತೆಗಳ ಮಾತನ್ನು ಆಡುವ ಹೂವು, ಅದೂ ನಾವು ದಿನವೂ ನೋಡುವ ನೆಲದಲ್ಲಿ ಬೆಳೆಯುವಂಥದು.

ಕಮಲವನ್ನು ಯೋಚಿಸುವ ಮೊದಲೇ ಬಿಟ್ಟೆವು. ರಾಷ್ಟ್ರೀಯ ಹೂವೂ ಒಂದು ಪಕ್ಷದ ಚಿಹ್ನೆಯೂ ಆಗಿರುವುದನ್ನು ಮುಖಪುಟಕ್ಕೆ ತಂದರೆ ಪುಸ್ತಕ ಈ ವರ್ಷದ ಚುನಾವಣೆಯ ಮಾತಾಗುತ್ತದೆ. ಅದೇ ಕಾರಣಕ್ಕೆ ಕಾಂಗ್ರೆಸ್ ಗಿಡವನ್ನೂ ಬಿಡಬೇಕಾಯಿತು, ಅದು ಮಾತ್ರ ಸ್ವಲ್ಪ ಬೇಸರದಿಂದ. ಪಾರ್ಥೇನಿಯಂ ಎಂಬ ಆ ಕಳೆ 1950ರ ದಶಕದಲ್ಲಿ ವಿದೇಶದಿಂದ ತರಿಸಿದ ಗೋಧಿಯ ಜೊತೆ ದೇಶದೊಳಗೆ ಹರಡಿತೆಂದು ಹೇಳುತ್ತಾರೆ. ಪುಣೆಯಲ್ಲಿ ಅದನ್ನು ಮೊದಲು ಗುರುತಿಸಿದರು. ಹಸಿವಿಗೆಂದು ಬಂದ ಧಾನ್ಯದೊಳಗೆ ಕಳೆಯ ಬೀಜವೂ ಬಂತು ಎಂಬಲ್ಲಿಯೇ ಒಂದು ಕವಿತೆ ಇದೆ. ಸುತ್ತಲಿನ ಗಿಡಗಳು ಮೊಳೆಯದಂತೆ ಮಣ್ಣಿಗೆ ರಾಸಾಯನಿಕ ಬಿಡುವ, ಮುಟ್ಟಿದವರ ಚರ್ಮವನ್ನು ಕೆರಳಿಸುವ ಆ ಗಿಡದ ಹೂವು ಪುಟ್ಟ ಬಿಳಿ ಚುಕ್ಕಿ. ಆದರೂ ಹೆಸರು ಅಡ್ಡ ಬಂತು.

ಕಣಗಿಲೆಯ ಬಗ್ಗೆ ಬಹಳ ದಿನ ಯೋಚಿಸಿದೆ. ನಮ್ಮ ಹೆದ್ದಾರಿಗಳ ನಡುವಿನ ವಿಭಜಕದುದ್ದಕ್ಕೂ ಅದನ್ನು ನೆಟ್ಟಿದ್ದಾರೆ, ಏಕೆಂದರೆ ದನಕರುಗಳು ಬಾಯಿ ಹಾಕುವುದಿಲ್ಲ, ನೀರು ಹೆಚ್ಚು ಕೇಳುವುದಿಲ್ಲ, ಹೊಗೆಗೂ ಧೂಳಿಗೂ ಜಗ್ಗುವುದಿಲ್ಲ. ಗಿಡದ ಎಲ್ಲ ಭಾಗವೂ ವಿಷ, ಹೃದಯದ ಬಡಿತವನ್ನೇ ಕೆಡಿಸುವ ವಿಷ. ನಸುಗೆಂಪು ಹೂವು ಮಾತ್ರ ಎಂಥ ಬೇಸಗೆಯಲ್ಲೂ ನಗುತ್ತಿರುತ್ತದೆ. 1945ರ ಆಗಸ್ಟ್ 6ರ ಬಾಂಬಿನ ನಂತರ ಹಿರೋಶಿಮಾದ ನೆಲದಲ್ಲಿ ದಶಕಗಳ ಕಾಲ ಏನೂ ಬೆಳೆಯದು ಎಂದು ಜನ ನಂಬಿದ್ದಾಗ ಅಲ್ಲಿ ಬೇಗನೆ ಅರಳಿದ ಹೂಗಳಲ್ಲಿ ಕಣಗಿಲೆಯೂ ಒಂದು. 1973ರಲ್ಲಿ ಆ ನಗರ ಅದನ್ನು ತನ್ನ ಅಧಿಕೃತ ಹೂವಾಗಿ ಆರಿಸಿಕೊಂಡಿತು. ‘ಊರಿನ ಹೂವು’ ಎಂಬ ನನ್ನ ಕವಿತೆಯ ಕಲ್ಪನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇರಿಲ್ಲ. ಆದರೆ ಹತ್ತಿರವಾದಷ್ಟೂ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. ಹಿರೋಶಿಮಾದವರು ಅದನ್ನು ಆರಿಸಿಕೊಂಡದ್ದು ನಾಶದಿಂದ ಎದ್ದು ಬಂದ ಮೇಲೆ, ತಮ್ಮ ಮನಸ್ಸಿನಿಂದ. ಅಲ್ಲಿ ಕಣಗಿಲೆ ಚೇತರಿಕೆಯ ಹೂವು. ನನ್ನ ಕವಿತೆಗಳು ಚೇತರಿಕೆಯವರೆಗೆ ಹೋಗುವುದಿಲ್ಲ, ಮತ್ತು ಸಾವಿರಾರು ಜನರ ಸಾವಿನ ಮೇಲೆ ಒಂದು ನಗರ ಕಟ್ಟಿಕೊಂಡ ಭರವಸೆಯನ್ನು ನನ್ನ ಕಲ್ಪನೆಯ ಊರಿನ ದಬ್ಬಾಳಿಕೆಗೆ ಗುರುತಾಗಿ ಬಳಸುವುದು ಸಲ್ಲದು ಎನಿಸಿತು.

ಮುಖಪುಟಕ್ಕೆ ಬಂದೇಬಿಡುತ್ತದೆ ಎನ್ನುವಷ್ಟು ಸಮೀಪ ಬಂದದ್ದು ಕೇದಗೆ. ಅದರ ಪುರಾಣ ಗೊತ್ತಿರುವವರಿಗೆ ಕಾರಣ ಹೇಳಬೇಕಿಲ್ಲ. ಆದಿ ಅಂತ್ಯ ಕಾಣದ ಬೆಳಕಿನ ಕಂಬವಾಗಿ ನಿಂತ ಶಿವನ ತುದಿಯನ್ನು ಹುಡುಕುತ್ತ ಬ್ರಹ್ಮ ಮೇಲೆ ಹಾರುತ್ತಾನೆ, ಬುಡವನ್ನು ಹುಡುಕುತ್ತ ವಿಷ್ಣು ಕೆಳಗೆ ಅಗೆಯುತ್ತಾನೆ. ವಿಷ್ಣು ಕಾಣಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಬ್ರಹ್ಮನೋ ದಾರಿಯಲ್ಲಿ ಮೇಲಿಂದ ಬೀಳುತ್ತಿದ್ದ ಕೇದಗೆಯನ್ನು ಕರೆದು, ತಾನು ತುದಿಯನ್ನು ಕಂಡೆನೆಂದು ಸಾಕ್ಷಿ ಹೇಳಿಸುತ್ತಾನೆ. ಆ ಸುಳ್ಳು ಸಾಕ್ಷ್ಯಕ್ಕಾಗಿ ಕೇದಗೆ ಶಿವಪೂಜೆಯಿಂದ ಹೊರಗಾಯಿತು. ದೊಡ್ಡವರು ಹೇಳಿಸಿದ ಸುಳ್ಳಿಗೆ ಹೂವು ದಂಡ ತೆತ್ತ ಕಥೆ ಇದು. ಪ್ರತಿ ಸಂಜೆ ‘ಸುಖವಾಗಿದ್ದೇನೆ’ ಎಂದು ಸಹಿ ಹಾಕುವ ಜನರ ಊರಿಗೆ ಇದಕ್ಕಿಂತ ಒಪ್ಪುವ ಹೂವು ಯಾವುದು ಎಂದು ನಾನು ಕಲಾವಿದೆಗೆ ಉದ್ದನೆಯ ಪತ್ರ ಬರೆದೆ. ಅವರೂ ಉತ್ಸಾಹದಿಂದಲೇ ಒಪ್ಪಿ, ಅಂಚಿನಲ್ಲಿ ಗರಗಸದಂಥ ಮುಳ್ಳಿರುವ ಎಲೆಗಳ ನಡುವಿನಿಂದ ಕೆನೆಬಣ್ಣದ ಹೊಂಬಾಳೆ ಇಣುಕುವ ಚಿತ್ರ ಬರೆದು ಕಳಿಸಿದರು. ಬಹಳ ಚೆಲುವಾದ ಚಿತ್ರ ಅದು, ಈಗಲೂ ನನ್ನ ಬಳಿ ಇದೆ.

ಆ ಚಿತ್ರವನ್ನು ನಾನು ಪಾಠ ಮಾಡುವ ಕಾಲೇಜಿನ ಕೆಲವು ವಿದ್ಯಾರ್ಥಿಗಳಿಗೆ ಶೀರ್ಷಿಕೆಯಿಲ್ಲದೆ ತೋರಿಸಿ, ಇದು ಯಾವ ಬಗೆಯ ಪುಸ್ತಕವಿರಬಹುದು ಎಂದು ಕೇಳಿದೆ. ಒಬ್ಬರಿಗೆ ಅದು ಕೃಷಿಯ ಪುಸ್ತಕ, ಇನ್ನೊಬ್ಬರಿಗೆ ಮುಸುಕಿನ ಜೋಳದ ಚಿತ್ರ. ಕರಾವಳಿಯಿಂದ ಬಂದ ಹುಡುಗಿ ಮಾತ್ರ ತಕ್ಷಣ ಗುರುತಿಸಿ, ನಾಗರಪಂಚಮಿಯ ದಿನ ಅಜ್ಜನ ಮನೆಯಲ್ಲಿ ನಾಗಬನಕ್ಕೆ ಕೇದಗೆ ಒಯ್ಯುವುದನ್ನು ಸಂತೋಷದಿಂದ ಹೇಳಿದಳು. ಅಷ್ಟು ಸಾಕಾಯಿತು. ಹೂವು ಗೊತ್ತಿಲ್ಲದವರಿಗೆ ಚಿತ್ರ ಏನನ್ನೂ ಹೇಳುತ್ತಿರಲಿಲ್ಲ. ಗೊತ್ತಿದ್ದವರಿಗೆ ಅದು ನಾಗನ ಹೂವು, ಜಡೆಗೆ ಹೆಣೆಯುವ ಹೂವು, ಸೀರೆಯ ಮಡಿಕೆಯಲ್ಲಿ ವರ್ಷಗಟ್ಟಲೆ ಉಳಿಯುವ ಪರಿಮಳ. ಸುಳ್ಳು ಸಾಕ್ಷ್ಯದ ಕಥೆ ಚಿತ್ರದೊಳಗೆ ಎಲ್ಲಿಯೂ ಇಲ್ಲ, ಅದನ್ನು ಪಕ್ಕದಲ್ಲಿ ಬರೆದು ಅಂಟಿಸಬೇಕು. ವಿವರಣೆ ಬೇಡುವ ಸಂಕೇತ ಮುಖಪುಟದ ಮೇಲೆ ನಿಲ್ಲುವುದಿಲ್ಲ, ಏಕೆಂದರೆ ಪುಸ್ತಕದ ಅಂಗಡಿಯಲ್ಲಿ ಅದಕ್ಕೆ ದೊರೆಯುವುದು ಕಣ್ಣು ಹಾಯಿಸುವಷ್ಟು ಹೊತ್ತು ಮಾತ್ರ. ಇದರ ಜೊತೆಗೆ, ಹೊಳೆದಂಡೆಗಳಿಂದ ಕಡಿದು ತೆಗೆಯಲ್ಪಡುತ್ತಿರುವ ಪೊದೆಯೊಂದಕ್ಕೆ ಹಳೆಯ ಶಾಪವನ್ನು ನಾನು ಮತ್ತೊಮ್ಮೆ ಅಚ್ಚು ಹಾಕಿಸುವುದೇಕೆ ಎಂಬ ಪ್ರಶ್ನೆಯೂ ಮನಸ್ಸಿನಲ್ಲಿತ್ತು.

ಉತ್ತರ ಸಿಕ್ಕಿದ್ದು ಬೆಂಗಳೂರಿನ ಹೊರವಲಯದ ಒಂದು ಕೆರೆಯ ಏರಿಯ ಮೇಲೆ. ನೀರುಗಂಟಿಯ ಕವಿತೆಗಳಿಗಾಗಿ ತೂಬಿನ ಕಲ್ಲುಗಳನ್ನು ಚಿತ್ರಿಸಿಕೊಳ್ಳಬೇಕೆಂದು ಕಲಾವಿದೆ ಕೇಳಿದ್ದರಿಂದ ಇಬ್ಬರೂ ಹೋಗಿದ್ದೆವು. ದೂರದಿಂದ ನೋಡಿದಾಗ ಕೆರೆ ಇರಬೇಕಾದ ಜಾಗದಲ್ಲಿ ಸಮತಟ್ಟಾದ ಹಸಿರು ಮೈದಾನ ಕಂಡಿತು. ಅದರ ಮೇಲೆ ನಸುನೇರಳೆ ಹೂವಿನ ತೆನೆಗಳು ಒಂದೇ ಎತ್ತರಕ್ಕೆ, ಒಂದೇ ದಿಕ್ಕಿಗೆ ನಿಂತಿದ್ದವು. ಅಂತರಗಂಗೆ, ಇಂಗ್ಲಿಷಿನಲ್ಲಿ ವಾಟರ್ ಹಯಸಿಂತ್ ಎನ್ನುವ ನೀರುಕಳೆ. ನೀರಿನ ಒಂದು ಹನಿಯೂ ಕಾಣುತ್ತಿರಲಿಲ್ಲ. ದಂಡೆಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದ ಒಂದು ಕುಟುಂಬಕ್ಕೆ ಅದು ಉದ್ಯಾನ. ಆಚೆ ಬದಿಯಲ್ಲಿ ಹಸುಗಳಿಗೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬರನ್ನು, ಇದನ್ನು ಮೇವಿಗೆ ಒಯ್ಯುವುದಿಲ್ಲವೇ ಎಂದು ಕೇಳಿದೆ. “ಇಲ್ಲಕ್ಕಾ, ಬರೀ ನೀರು ತುಂಬ್ಕೊಂಡಿರ್ತದೆ, ಹಸ ಕಯ್ಯೋ ಅಂತ ಉಚ್ಕೊಳ್ತದೆ. ನೋಡೋಕೇನೋ ಚೆಂದವೇ, ಅಡಿಯಲ್ಲಿ ಮೀನೂ ಉಸಿರಾಡಂಗಿಲ್ಲ” ಎಂದರು. ಕವಿತೆಯಲ್ಲಿ ನಾನು ಹೆಸರಿಸದೆ ಬಿಟ್ಟಿದ್ದ ಹೂವು ಇದೇ ಎಂದು ಆ ಕ್ಷಣಕ್ಕೆ ನನಗೆ ಅನುಮಾನ ಉಳಿಯಲಿಲ್ಲ.

ಆ ನಂಬಿಕೆಯನ್ನು ಸಸ್ಯದ ಬದುಕಿನೊಂದಿಗೆ ಒರೆಗೆ ಹಚ್ಚಿ ನೋಡಬೇಕಿತ್ತು. ಓದಿದಷ್ಟೂ ಬೆರಗಾಯಿತು. ಅಮೆಜಾನ್ ಸೀಮೆಯ ಈ ಗಿಡವನ್ನು ಹೂವಿನ ಚೆಲುವಿಗೆ ಮರುಳಾಗಿ ಜನ ಕೊಳಗಳ ಅಲಂಕಾರಕ್ಕೆಂದು ದೇಶದಿಂದ ದೇಶಕ್ಕೆ ಒಯ್ದರು. ನಮ್ಮಲ್ಲಿ ಅದು ಮೊದಲು ನೆಲೆಯೂರಿದ ಬಂಗಾಳದಲ್ಲಿ ದೋಣಿಯ ದಾರಿಗಳೂ ಭತ್ತದ ಗದ್ದೆಗಳೂ ಮುಚ್ಚಿಹೋಗಿ, 1936ರಲ್ಲಿ ಅದರ ವಿರುದ್ಧವೇ ಒಂದು ಕಾಯ್ದೆ ಮಾಡಬೇಕಾಯಿತು. ಅದು ಹರಡುವುದು ಮುಖ್ಯವಾಗಿ ಬೀಜದಿಂದಲ್ಲ. ತಾಯಿಗಿಡ ನೀರಿನ ಮೇಲೆ ಹಂಬು ಚಾಚುತ್ತದೆ, ಹಂಬಿನ ತುದಿಯಲ್ಲಿ ಅದೇ ಗಿಡ ಮತ್ತೊಮ್ಮೆ ಹುಟ್ಟುತ್ತದೆ. ಬೆಚ್ಚನೆಯ, ಕೊಳಚೆ ಸೇರಿದ ನೀರು ಸಿಕ್ಕರೆ ಒಂದೆರಡು ವಾರಗಳಲ್ಲಿ ಅದರ ಹರವು ಇಮ್ಮಡಿಯಾಗುತ್ತದೆ. ತವರಿನಲ್ಲಿ ಈ ಹೂವಿಗೆ ಮೂರು ರೂಪಗಳಿವೆ, ಹೂವಿನ ಹೆಣ್ಣುಭಾಗದ ಕಡ್ಡಿಯಾದ ಶಲಾಕೆಯ ಉದ್ದದಲ್ಲಿ ಒಂದಕ್ಕಿಂತ ಒಂದು ಬೇರೆ. ಒಂದು ರೂಪ ಇನ್ನೊಂದರೊಡನೆ ಕೂಡಿ ಬೀಜ ಕಟ್ಟಲೆಂದು ಇರುವ ಏರ್ಪಾಟು ಅದು. ಅದು ಆಕ್ರಮಿಸಿಕೊಂಡಿರುವ ನಾಡುಗಳಲ್ಲಾದರೋ ಬಹುಪಾಲು ಎಲ್ಲೆಲ್ಲೂ ಒಂದೇ ರೂಪ, ಒಂದೇ ತಳಿಗುಣ. ಖಂಡಾಂತರಗಳ ಕೆರೆಗಳಲ್ಲಿ ಹರಡಿಕೊಂಡಿರುವ ಗಿಡಗಳಲ್ಲಿ ಹೆಚ್ಚಿನವು ಒಂದೇ ಗಿಡದ ಪ್ರತಿಗಳು. ಮನೆಗಳಿಗೆಲ್ಲ ಒಂದೇ ಬಣ್ಣ ಬಳಿದ ಊರನ್ನು ಕಲ್ಪಿಸಿಕೊಳ್ಳುವಾಗ ನನಗೆ ಇದು ಗೊತ್ತಿರಲಿಲ್ಲ.

ಉಸಿರಿನ ಸಂಗತಿಯೂ ಅಷ್ಟೇ. ಎಲೆಗಳ ದಟ್ಟ ಹೊದಿಕೆ ಬೆಳಕನ್ನು ತಡೆಯುತ್ತದೆ, ಗಾಳಿ ನೀರನ್ನು ಮುಟ್ಟದಂತೆ ಮಾಡುತ್ತದೆ. ಸತ್ತ ಗಿಡಗಳು ತಳಕ್ಕಿಳಿದು ಕೊಳೆಯುವಾಗ ಉಳಿದ ಆಮ್ಲಜನಕವೂ ಖರ್ಚಾಗುತ್ತದೆ. ಕಿತ್ತು ತೆಗೆದು ಕೆರೆ ಸ್ವಚ್ಛವಾಯಿತೆಂದು ಅಂದುಕೊಂಡರೆ ಕೆಸರಿನಲ್ಲಿ ಬಿದ್ದ ಬೀಜ 15–20 ವರ್ಷ ಕಾಯಬಲ್ಲದು. ಇದನ್ನೆಲ್ಲ ಓದುತ್ತ ನಾನು ಗಿಡವನ್ನು ಖಳನಾಯಕನಂತೆ ನೋಡತೊಡಗಿದ್ದೆನೆನ್ನಬೇಕು, ಕಲಾವಿದೆ ನನ್ನನ್ನು ತಡೆದರು. “ಮೇಡಂ, ಅದು ಕುಡಿಯೋದು ನಾವು ಬಿಟ್ಟ ಕೊಳಚೆಯನ್ನೇ ಅಲ್ವಾ?” ಎಂದರು. ನಿಜವಾದ ಮಾತು. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿದ್ದನ್ನೂ, 2015, 2017, 2018ರಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡದ್ದನ್ನೂ ನಾವೆಲ್ಲ ಕಂಡಿದ್ದೇವೆ. ಆ ನೀರಿಗೆ ನಗರ ಸುರಿದದ್ದು ಏನೆಂಬುದು ಯಾರಿಗೂ ಗುಟ್ಟಲ್ಲ. ಅಂತರಗಂಗೆ ಸೊಂಪಾಗಿ ಬೆಳೆಯುವುದು ನಾವು ಸಾರಜನಕ ರಂಜಕಗಳನ್ನು ಉಣಿಸುವಲ್ಲಿ, ಮತ್ತು ಅದು ನೀರಿನೊಳಗಿನ ಭಾರಲೋಹಗಳನ್ನೂ ಬೇರಿನಿಂದ ಹೀರಿಕೊಳ್ಳುತ್ತದೆ. ದಬ್ಬಾಳಿಕೆಯ ಊರನ್ನು ಯಾರೋ ಹೊರಗಿನವರು ಕಟ್ಟುವುದಿಲ್ಲ, ಸಾಲಿನಲ್ಲಿ ನಿಂತು ಸಹಿ ಹಾಕುವವರೇ ದಿನವೂ ಅದಕ್ಕೆ ಉಣಿಸುತ್ತಾರೆ ಎಂಬುದು ನನ್ನ ಸಂಕಲನದ ತಿರುಳು. ಹೂವು ಅದನ್ನು ನನಗಿಂತ ಚೆನ್ನಾಗಿ ಹೇಳುತ್ತಿತ್ತು.

ಇನ್ನು ಬರೆಯುವುದು ಹೇಗೆ ಎಂಬ ಪ್ರಶ್ನೆ. ಹೂವಿನ ತೆನೆಯೊಂದನ್ನೇ ದೊಡ್ಡದಾಗಿ ಬರೆದ ಮೊದಲ ಕರಡು ಬೆರಗುಗೊಳಿಸುವಂತಿತ್ತು. ಆರು ಎಸಳುಗಳಲ್ಲಿ ಮೇಲಿನದು ದೊಡ್ಡದು, ಅದರ ನಡುವೆ ಗಾಢ ನೀಲಿಯ ಮಡಿಲಲ್ಲಿ ಒಂದು ಹಳದಿ ಬೊಟ್ಟು; ನವಿಲುಗರಿಯ ಕಣ್ಣು ನೆನಪಾಗದೆ ಇರುವುದಿಲ್ಲ. ಆದರೆ ಒಂಟಿಯಾಗಿ ನಿಂತಾಗ ಅದು ಬರಿಯ ಚೆಲುವು, ಶುಭಾಶಯ ಪತ್ರಕ್ಕೆ ಒಪ್ಪುವ ಹೂವು. ಅದರ ಅರ್ಥವಿರುವುದು ಒಂದು ಗಿಡದಲ್ಲಲ್ಲ, ಹೊದಿಕೆಯಲ್ಲಿ. ಆದ್ದರಿಂದ ಮುಂದಿನ ರಕ್ಷಾಪುಟ, ಬೆನ್ನು, ಹಿಂದಿನ ರಕ್ಷಾಪುಟ ಎಲ್ಲವನ್ನೂ ಅಂಚಿನಿಂದ ಅಂಚಿಗೆ ಗಿಡಗಳೇ ಮುಚ್ಚಲಿ, ನೀರು ಎಲ್ಲಿಯೂ ಕಾಣದಿರಲಿ ಎಂದು ತೀರ್ಮಾನಿಸಿದೆವು. ಕಲಾವಿದೆ ಪ್ರತಿ ಗಿಡವನ್ನೂ ಬೇರೆ ಬೇರೆಯಾಗಿ ಬರೆದರು, ಒಂದರ ಎಲೆ ವಾಲಿತ್ತು, ಇನ್ನೊಂದರ ತೆನೆ ಕಿರಿದಾಗಿತ್ತು. ಎಲ್ಲವೂ ಒಂದೇ ಗಿಡವಾಗಿರಲಿ, ಒಂದು ಗೆರೆಯೂ ಬದಲಾಗದಿರಲಿ ಎಂದು ನಾನು ಕೇಳಿಕೊಂಡೆ. ಅವರಿಗೆ ಅದು ಇಷ್ಟವಾಗಲಿಲ್ಲ. “ಕೈಯಲ್ಲಿ ಬರೆಯೋಳಿಗೆ ಹಾಗೆ ನಕಲು ಹಾಕೋದು ಹಿಂಸೆ ಮೇಡಂ, ನೋಡಿದವರು ಸೋಮಾರಿತನ ಅಂತಾರೆ” ಎಂದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು, ಏಕೆಂದರೆ ಒಂದೇ ಸಾಲು ಹತ್ತು ಪದ್ಯಗಳಲ್ಲಿ ಮರಳಿ ಬರುವಂತೆ ಮಾಡುವಾಗ ನಾನೂ ಅದೇ ಅಂಜಿಕೆಯನ್ನು ದಾಟಿ ಬಂದಿದ್ದೆ. ಗಿಡದ ತಳಿಗುಣದ ಸಂಗತಿಯನ್ನು ಅವರಿಗೆ ವಿವರವಾಗಿ ಹೇಳಿದೆ. ಒಂದು ವಾರದ ನಂತರ ಅವರು ಒಂದೇ ಗಿಡವನ್ನು ಅತ್ಯಂತ ಶ್ರದ್ಧೆಯಿಂದ, ಶಲಾಕೆ ಕೇಸರಗಳ ಉದ್ದವೂ ನಮ್ಮ ಕೆರೆಗಳಲ್ಲಿ ಕಾಣುವ ರೂಪಕ್ಕೆ ಹೊಂದುವಂತೆ ಬರೆದು, ಅದನ್ನೇ ಕಂಪ್ಯೂಟರಿನಲ್ಲಿ ಸಾಲುಸಾಲಾಗಿ ಜೋಡಿಸಿ ಕಳಿಸಿದರು. ದೂರದಿಂದ ಅದು ಸೀರೆಯ ಒಡಲಿನ ವಿನ್ಯಾಸದಂತೆ ಕಣ್ಣಿಗೆ ಹಿತವಾಗಿತ್ತು; ಹತ್ತಿರ ಹಿಡಿದು ಸ್ವಲ್ಪ ಹೊತ್ತು ನೋಡಿದರೆ ಎದೆಯಲ್ಲಿ ಏನೋ ಬಿಗಿಯುತ್ತಿತ್ತು.

ಹಿಂದಿನ ರಕ್ಷಾಪುಟದ ಕಲ್ಪನೆ ಪೂರ್ತಿಯಾಗಿ ಅವರದು. ಅಂತರಗಂಗೆಯ ಹೂವು ಬೆಳಗ್ಗೆ ಅರಳಿ ಒಂದೆರಡು ದಿನಗಳಲ್ಲಿ ಬಾಡುತ್ತದೆ; ಬಾಡಿದ ಮೇಲೆ ತೆನೆಯ ದಂಟು ತಾನಾಗಿ ಬಾಗಿ ತಲೆಯನ್ನು ನೀರಿಗೆ ಇಳಿಸುತ್ತದೆ, ಬೀಜ ಬಲಿಯುವುದು ಅಲ್ಲಿ. ಮುಂದಿನ ಪುಟದಲ್ಲಿ ನೆಟ್ಟಗೆ ನಿಂತ ಅಷ್ಟೂ ತೆನೆಗಳು ಹಿಂದಿನ ಪುಟದಲ್ಲಿ ಅದೇ ಜಾಗಗಳಲ್ಲಿ ತಲೆ ಬಾಗಿಸಿವೆ. ಬೆನ್ನುಡಿಯ ಅಕ್ಷರಗಳು ಅವುಗಳ ನಡುವೆ ಕುಳಿತಿವೆ.

ಮುಖಪುಟದ ಒಂದು ಗಿಡವನ್ನು ಮಾತ್ರ ಬೇರೆಯಾಗಿಸುವ ಗುರುತು ಸಿಕ್ಕಿದ್ದು ಇದಾದ ಮೇಲೆ. ಕೆರೆಯಲ್ಲಿ ತೆಗೆದ ಫೋಟೊಗಳನ್ನು ಹಿಗ್ಗಿಸಿ ನೋಡುತ್ತಿದ್ದ ಕಲಾವಿದೆ, ಎಲೆಗಳ ಮೇಲೆ ಅಲ್ಲಲ್ಲಿ ಸಣ್ಣ ಕಂದು ಚುಕ್ಕಿಗಳಿವೆ, ಇವೇನು ಎಂದು ಕೇಳಿದರು. ನನಗೂ ತಿಳಿಯಲಿಲ್ಲ, ಕೀಟಶಾಸ್ತ್ರ ಬಲ್ಲ ಸ್ನೇಹಿತರೊಬ್ಬರು ನೋಡಿದೊಡನೆ ಹೇಳಿದರು. ದಕ್ಷಿಣ ಅಮೆರಿಕ ಮೂಲದ ನಿಯೊಕೆಟಿನಾ ಎಂಬ ಮೂತಿಹುಳು ಕೆರೆದು ತಿಂದ ಗಾಯಗಳು ಅವು. ಅಂತರಗಂಗೆಯನ್ನೇ ನಂಬಿ ಬದುಕುವ ಈ ಹುಳುವನ್ನು ವಿಜ್ಞಾನಿಗಳು 1980ರ ದಶಕದಲ್ಲಿ ತರಿಸಿ, ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು. ಕೆಲವು ಕಡೆ ಹುಳು ಗಿಡವನ್ನು ಗಣನೀಯವಾಗಿ ತಗ್ಗಿಸಿತು. ಕೊಳಚೆ ನಿಲ್ಲದ ಕೆರೆಗಳಲ್ಲಿ ಗಿಡ ಮತ್ತೆ ಮತ್ತೆ ಚಿಗುರಿತು. ದೊಡ್ಡ ಹುಳು ರಾತ್ರಿ ಹೊತ್ತು ಎಲೆಯ ಮೇಲ್ಮೈಯನ್ನು ಕೆರೆಯುತ್ತದೆ, ಮರಿಹುಳು ಊದಿದ ತೊಟ್ಟಿನೊಳಗೆ ಸುರಂಗ ಕೊರೆಯುತ್ತದೆ. ಹಗಲಲ್ಲಿ ಕಾಣುವುದು ಈ ಚುಕ್ಕಿಗಳು ಮಾತ್ರ.

ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ನೀರುಗಂಟಿ ಊರಿನ ವಿರುದ್ಧ ಘೋಷಣೆ ಕೂಗುವುದಿಲ್ಲ, ಏನನ್ನೂ ಉರುಳಿಸುವುದಿಲ್ಲ. ಹಳೆಯ ತೂಬಿನ ಜಾಗಕ್ಕೆ ಹೋಗಿ ನಿಲ್ಲುತ್ತಾನೆ, ಅಷ್ಟೇ. ಅವನ ನಿಲುವಿಗೆ ಮುಖಪುಟದಲ್ಲಿ ಒಂದು ಗುರುತು ಇರಬೇಕು ಎಂಬ ಆಸೆ ನನಗಿತ್ತು, ಆದರೆ ಸಿದ್ಧರೂಪದ ಭರವಸೆಯೊಂದನ್ನು, ಒಂದು ಹಕ್ಕಿಯನ್ನೋ ಬೆಳಕಿನ ಕಿರಣವನ್ನೋ, ಅಲ್ಲಿ ತಂದು ಕೂರಿಸಲು ಮನಸ್ಸು ಒಪ್ಪುತ್ತಿರಲಿಲ್ಲ. ಈ ಚುಕ್ಕಿಗಳು ಒಪ್ಪಿತವಾದವು. ಒಂದೇ ಗಿಡದ ಆ ಎಲ್ಲ ಪ್ರತಿಗಳಲ್ಲಿ ಕೆಳಗಿನ ಬಲಮೂಲೆಯ ಒಂದು ಗಿಡದ ಒಂದು ಎಲೆಯ ಮೇಲೆ ಮಾತ್ರ ಮೂರು ಗಾಯದ ಗುರುತುಗಳು, ನಿಜವಾದ ಅಳತೆಯಲ್ಲೇ, ಅಂದರೆ ಎರಡು ಮೂರು ಮಿಲಿಮೀಟರಿನಷ್ಟು. ಇಡೀ ಮುಖಪುಟದಲ್ಲಿ ನಕಲಲ್ಲದ ಎಲೆ ಅದೊಂದೇ. ಕಾಣದವರಿಗೆ ಕಾಣದಿದ್ದರೂ ನಡೆದೀತು ಎಂದು ಇಬ್ಬರಿಗೂ ಅನಿಸಿತು.

ಬಣ್ಣದ ಕಷ್ಟ ಬೇರೆ. ಪರದೆಯ ಮೇಲೆ ಹೊಳೆಯುವ ನಸುನೇರಳೆ ನಾಲ್ಕು ಬಣ್ಣದ ಆಫ್‌ಸೆಟ್‌ನಲ್ಲಿ ಉಳಿಯುವುದಿಲ್ಲ. ಸಯಾನ್ ಸ್ವಲ್ಪ ಹೆಚ್ಚಾದರೆ ಹೂವು ನೀಲಿಗೆ ತಿರುಗುತ್ತದೆ, ಮೆಜೆಂಟಾ ಹೆಚ್ಚಾದರೆ ಗುಲಾಬಿಯಾಗುತ್ತದೆ. ಆ ಒಂದು ಬಣ್ಣಕ್ಕೆ ಪ್ರತ್ಯೇಕ ಶಾಯಿ, ಪ್ರತ್ಯೇಕ ಪ್ಲೇಟ್ ಹಾಕಿಸಬಹುದಾದರೂ ಐನೂರು ಪ್ರತಿಗಳ ಕವನ ಸಂಕಲನಕ್ಕೆ ಆ ಖರ್ಚು ಹೊರೆ. ಹೂವು ಕೊಂಚ ಬೂದಿಯ ಕಡೆಗೆ ಹೋಗಲಿ, ಹಸಿರು ಮಾತ್ರ ಮಂಕಾಗದಿರಲಿ ಎಂದು ಒಪ್ಪಿಕೊಂಡೆವು. ಹೊಳಪಿನ ಲ್ಯಾಮಿನೇಷನ್ ಹಾಕಿದರೆ ಬಣ್ಣ ಎದ್ದು ಕಾಣುತ್ತದೆ ಎಂದು ಪ್ರಕಾಶಕರು ಹೇಳಿದರು. ಎಲೆಗಳ ಮೇಲೆ ಬೆಳಕು ಬಿದ್ದು ಚುಕ್ಕಿಗಳು ಮರೆಯಾಗುತ್ತವೆ ಎಂದು ನಾವು ಮ್ಯಾಟ್ ಲ್ಯಾಮಿನೇಷನ್‌ಗೇ ಅಂಟಿಕೊಂಡೆವು. ಶೀರ್ಷಿಕೆಯ ಅಕ್ಷರಗಳನ್ನು ಬಿಳಿಯಲ್ಲೇ ಬಿಟ್ಟಿದ್ದರಿಂದ, ಕೆರೆಯ ಹೊದಿಕೆ ಅಲ್ಲಿ ಮಾತ್ರ ತುಸು ಬಿರಿದಂತೆ ಕಾಣುತ್ತದೆ.

ಮುದ್ರಣಕ್ಕೆ ಹೋಗುವ ಮುನ್ನ ಕೈಸೇರಿದ ಪ್ರೂಫ್‌ನಲ್ಲಿ ಬಲಮೂಲೆಯ ಎಲೆ ಉಳಿದವುಗಳಂತೆ ನುಣ್ಣಗಿತ್ತು. ವಿಚಾರಿಸಿದಾಗ, ಮುದ್ರಣಾಲಯದಲ್ಲಿ ಕಡತ ಸಿದ್ಧಪಡಿಸಿದ ಹುಡುಗ ಆ ಚುಕ್ಕಿಗಳನ್ನು ಧೂಳಿನ ಕಲೆ ಎಂದು ತಿಳಿದು, ನಮಗೆ ಉಪಕಾರವಾಗಲೆಂದೇ ಅಳಿಸಿದ್ದನೆಂದು ಗೊತ್ತಾಯಿತು. ಅವನ ಶ್ರದ್ಧೆಯ ಬಗ್ಗೆ ನನಗೆ ಗೌರವವೇ ಮೂಡಿತು. ಫೋನಿನಲ್ಲಿ ಅವನಿಗೆ ಹುಳುವಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಪ್ಲೇಟ್ ಮಾಡೋವಾಗ ನಾನೇ ನಿಂತು ನೋಡ್ಕೋತೀನಿ ಮೇಡಂ, ಯಾರೂ ಮತ್ತೆ ಕ್ಲೀನ್ ಮಾಡದಂಗೆ” ಎಂದ. ನೋಡಿಕೊಂಡ ಕೂಡ, ಅಚ್ಚಾದ ಪ್ರತಿಗಳಲ್ಲಿ ಮೂರೂ ಗುರುತುಗಳು ಸ್ಪಷ್ಟವಾಗಿವೆ.

ಮುದ್ರಣದ ವಿವರಗಳಿರುವ ಪುಟದಲ್ಲಿ ಹೂವಿನ ಹೆಸರನ್ನು ಹಾಕಬೇಕೇ ಎಂದು ಪ್ರಕಾಶಕರು ಕೇಳಿದ್ದರು. ಕವಿತೆ ಹೇಳದೆ ಬಿಟ್ಟ ಹೆಸರನ್ನು ಪುಸ್ತಕದೊಳಗೆ ಎಲ್ಲಿಯೂ ಹೇಳುವುದು ಬೇಡವೆಂದೆ. ಮುಖಪುಟ ಎಂಬಲ್ಲಿ ಕಲಾವಿದೆಯ ಹೆಸರಷ್ಟೇ ಇದೆ. ಎರಡನೆಯ ಮುದ್ರಣಕ್ಕೆ ಹೋಗುವ ಸಂದರ್ಭ ಬಂದರೆ ಹೂವಿನ ನೇರಳೆಗಾಗಿ ಆ ಪ್ರತ್ಯೇಕ ಶಾಯಿಯ ಖರ್ಚನ್ನು ನಾನೇ ಹೊರುವುದಾಗಿ ಪ್ರಕಾಶಕರಿಗೆ ಈಗಲೇ ತಿಳಿಸಿದ್ದೇನೆ.